ಭಾವನ ನಂಬರಿಗೆ ದುಡ್ಡು ಹಾಕ್ಬೇಡ ಕಣೋ

ಲೋ ದೋಸ್ತ,

ನಿನ್ನ ಮೆಸೇಜ್ ನೋಡ್ದೆ. ನಂಗೆ ಕೊಡ್ಬೇಕಿರೋ ಎಂಟು ಸಾವಿರ ಭಾವನ ಬೇಕರಿ ನಂಬರಿಗೆ ಹಾಕ್ತೀನಿ, ಅವರತ್ರ ಇಸ್ಕೋ ಅಂದಿದೀಯ. ದಮ್ಮಯ್ಯ, ಹಾಕ್ಬೇಡ. ಫೋನ್ ಮಾಡಿ ಹೇಳ್ಬೋದಿತ್ತು, ಆದ್ರೆ ಕತೆ ಉದ್ದ ಇದೆ, ಪುಣೆಲಿ ಕೂತಿರೋ ನಿಂಗೆ ಇಲ್ಲಿ ಜುಲೈಲಿ ಏನೇನಾಯ್ತು ಅಂತ ಪೂರ್ತಿ ಗೊತ್ತಿರಲ್ಲ, ಅದಕ್ಕೆ ಬರೀತಿದೀನಿ. ಬೇರೆಯವ್ರೂ ಓದ್ಲಿ ಅಂತ ಎಲ್ಲರಿಗೂ ಕಾಣೋ ಹಾಗೆ ಹಾಕ್ತಿದೀನಿ, ನಿನ್ನ ಹೆಸರು ಬರೆದಿಲ್ಲ, ಸಾಲಗಾರ ಯಾರು ಅಂತ ಗೊತ್ತಾಗಲ್ಲ ಬಿಡು.

ಭಾವನ ಅಂಗಡಿ ನೋಡಿದೀಯಲ್ಲ, ಗಾಜಿನ ಪೆಟ್ಟಿಗೆಲಿ ಪಫ್ಸು, ಮೇಲೆ ಬಾಟ್ಲಿಗಳಲ್ಲಿ ನಿಪ್ಪಟ್ಟು, ಒಂದು ಕಡೆ ಟೀ ಸ್ಟವ್ವು, ಬಾಗ್ಲಲ್ಲಿ ಹಾಲಿನ ಕ್ರೇಟು. 2016ರಲ್ಲಿ ನೋಟು ರದ್ದಾದಾಗ ಚಿಲ್ರೆ ಇಲ್ದೆ ಎಷ್ಟು ಒದ್ದಾಡಿದ್ರು ಅಂತ ನಿಂಗೂ ನೆನಪಿರತ್ತೆ. ಅದಾದ ಮೇಲೆ ಯಾವನೋ ಹುಡುಗ ಬ್ಯಾಗ್ ಹಾಕ್ಕೊಂಡು ಬಂದು ಫ್ರೀ ಸರ್ ಫ್ರೀ ಅಂತ ಕ್ಯೂಆರ್ ಅಂಟಿಸಿ ಹೋದ. ಆಮೇಲೆ ದುಡ್ಡು ಬಂತು ಅಂತ ಕೂಗೋ ಡಬ್ಬಾನೂ ಬಂತು. ಹತ್ತು ರೂಪಾಯಿ ಟೀಗೂ ಸ್ಕ್ಯಾನು. ಭಾವನಿಗೂ ಖುಷಿನೇ, ಬೆಳಗ್ಗೆ ನಾಕಕ್ಕೆ ಎದ್ದೋರು ಮಧ್ಯಾಹ್ನ ತೂಕಡಿಸ್ತಾ ಕೂತಿದ್ರೂ ಡಬ್ಬ ಲೆಕ್ಕ ಹೇಳ್ತಿರತ್ತೆ.

ಅದು ಇನ್ನೂ ಎಲ್ಲೆಲ್ಲಿ ಲೆಕ್ಕ ಹೇಳ್ತಿತ್ತು ಅಂತ ಗೊತ್ತಾಗಿದ್ದು 2025ರ ಜುಲೈಲಿ. 2021-22ರಿಂದ 2024-25ರ ತನಕದ ಯುಪಿಐ ಲೆಕ್ಕ ನೋಡ್ಕೊಂಡು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ಅಂಗಡಿಯವ್ರಿಗೆ ಜಿಎಸ್‌ಟಿ ನೋಟಿಸ್ ಕೊಡ್ತು. ಸಾಮಾನು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸರ್ವೀಸ್ ಆದ್ರೆ 20 ಲಕ್ಷ, ಅದು ದಾಟಿದ್ರೆ ರಿಜಿಸ್ಟ್ರೇಷನ್ ಮಾಡಿಸ್ಬೇಕು ಅನ್ನೋದು ರೂಲ್ಸು. 40 ಲಕ್ಷ ಅಂದ್ರೆ ಯಾರೋ ಸಾಹುಕಾರ ಅನ್ಸತ್ತೆ ಅಲ್ವಾ? ದಿನಕ್ಕೆ ಭಾಗಿಸಿ ನೋಡು, ಹತ್ತಿರ ಹತ್ತಿರ ಹನ್ನೊಂದು ಸಾವಿರದ ವ್ಯಾಪಾರ, ಅಷ್ಟೆ. ಅದ್ರಲ್ಲಿ ಹಾಲಿನ ಪ್ಯಾಕೆಟ್ಟು, ಸಿಗರೇಟು ಇವೇ ಅರ್ಧ, ಅವುಗಳಲ್ಲಿ ಉಳಿಯೋದು ನಿಂಗೇ ಗೊತ್ತು. ಹಾವೇರಿಲಿ ತರಕಾರಿ ಮಾರೋರೊಬ್ರಿಗೆ ನಾಕು ವರ್ಷದ್ದು 1.63 ಕೋಟಿ ವ್ಯವಹಾರ ಅಂತ 29 ಲಕ್ಷದ ನೋಟಿಸ್ ಹೋಗಿತ್ತು, ಪೇಪರಲ್ಲೆಲ್ಲ ಬಂತು. ಹಸಿ ತರಕಾರಿಗೆ ಜಿಎಸ್‌ಟಿನೇ ಇಲ್ಲ ಕಣೋ! ಆದ್ರೆ ದುಡ್ಡು ಬಂದಿದ್ದು ಬದನೆಕಾಯಿಗೋ ಬಂಗಾರಕ್ಕೋ ಅಂತ ಕ್ಯೂಆರ್‌ಗೆ ಹೆಂಗೆ ಗೊತ್ತಾಗ್ಬೇಕು.

ಭಾವನಿಗೆ ನೋಟಿಸ್ ಬಂದಿರ್ಲಿಲ್ಲ. ಬಂದಿದ್ರೆ ಒಂದು ಥರ ವಾಸಿ ಇತ್ತೇನೋ, ಇವತ್ತು ಬರತ್ತೆ ನಾಳೆ ಬರತ್ತೆ ಅಂತ ಕಾಯೋದೇ ಹಿಂಸೆ ಆಗಿತ್ತು. ಒಂದು ರಾತ್ರಿ ಅಂಗಡಿ ಮುಚ್ಚಿದ್ಮೇಲೆ ನನ್ನ ಕರೆಸಿ, ಇದ್ರಲ್ಲಿ ವ್ಯಾಪಾರದ್ದು ಎಷ್ಟು ನೋಡು ಮಾರಾಯ ಅಂತ ಫೋನ್ ಕೈಗೆ ಕೊಟ್ರು. ಸ್ಕ್ರೋಲ್ ಮಾಡಿ ಮಾಡಿ ಹೆಬ್ಬೆಟ್ಟು ನೋವು ಬಂತು. ಹತ್ತು, ಇಪ್ಪತ್ತು, ಮೂವತ್ತೈದು, ಹತ್ತು, ಮಧ್ಯದಲ್ಲಿ ಧಿಡೀರಂತ ಮೂರು ಲಕ್ಷ. ಅದೇನು ಅಂದ್ರೆ ಅಕ್ಕ ಎತ್ತಿದ ಚೀಟಿ ದುಡ್ಡು. ಇನ್ನೊಂದು ಅರವತ್ತು ಸಾವಿರ, ಭಾವನ ತಮ್ಮ ಸಾಲ ವಾಪಸ್ ಕೊಟ್ಟಿದ್ದು. ಐನೂರು ಐನೂರು ಅಂತ ಲೆಕ್ಕ ಇಲ್ದಷ್ಟಿದಾವೆ, ಅವೆಲ್ಲ ಪಿಜಿ ಹುಡುಗ್ರದ್ದು, ಅಂಕಲ್ ಐನೂರು ಹಾಕ್ತೀನಿ ಕ್ಯಾಶ್ ಕೊಡಿ ಅಂತಾರಲ್ಲ ಅದು, ಎಟಿಎಂ ಕೆಲಸಾನೂ ಭಾವನೇ ಮಾಡಿದಾರೆ ಬಿಟ್ಟಿಯಾಗಿ. ಹಾಲು ಒಡೆದು ಮೋರಿಗೆ ಚೆಲ್ಲಿದ್ದು, ಉಳಿದ ಪಫ್ಸು ಸಂಜೆ ನಾಯಿಗೆ ಹಾಕಿದ್ದು ಇವೆಲ್ಲ ಯಾವ ಆ್ಯಪಲ್ಲೂ ಇಲ್ಲ. ನಾಕು ವರ್ಷದ ಆ ಐನೂರುಗಳು ಯಾರ್ಯಾರವು ಅಂತ ಭಾವ ಎಲ್ಲಿಂದ ತರ್ಬೇಕು ಹೇಳು.

ಮಾರನೇ ದಿನ ಕ್ಯೂಆರ್ ತಿರುಗಿಸಿಟ್ಟು, ಡಬ್ಬದ ವೈರ್ ಕಿತ್ತು, ರಟ್ಟಿನ ಮೇಲೆ ಕ್ಯಾಶ್ ಮಾತ್ರ ಅಂತ ಬರೆದಿಟ್ರು. ರಸ್ತೆ ತುಂಬ ಅದೇ ಬೋರ್ಡು ಆಗ. ಒಂದು ಸ್ಕೂಲ್ ಹುಡುಗಿ ಬನ್ನು ಕಚ್ಚಿ ಆಗಿದೆ, ಕೈಲಿ ಅಮ್ಮನ ಫೋನ್ ಬಿಟ್ರೆ ಬೇರೇನಿಲ್ಲ, ಅಳೋದೊಂದು ಬಾಕಿ. ಹೋಗಮ್ಮ ನಾಳೆ ಕೊಡು ಅಂದ್ರು ಭಾವ. ಒಂದು ವಾರ ವ್ಯಾಪಾರ ಅರ್ಧಕ್ಕೆ ಬಿತ್ತು.

ಜುಲೈ 25ಕ್ಕೆ ಬಂದ್ ಅಂತ ಅಂಗಡಿಯವ್ರು ಅಂದಿದ್ರು. 23ಕ್ಕೆ ಸಿದ್ದರಾಮಯ್ಯನವ್ರು ಮೀಟಿಂಗ್ ಕರೆದು ಹಳೇ ಬಾಕಿ ವಸೂಲಿ ಮಾಡಲ್ಲ, ಆದ್ರೆ ರಿಜಿಸ್ಟ್ರೇಷನ್ ಮಾಡಿಸ್ಕೊಳಿ ಅಂದ್ರು, ಬಂದ್ ಕೈಬಿಟ್ರು. ರಾಜ್ಯದವ್ರು ಕಾನೂನು ಕೇಂದ್ರದ್ದು ಅನ್ನೋದು, ಕೇಂದ್ರದವ್ರು ನೋಟಿಸ್ ಕೊಟ್ಟಿದ್ದು ರಾಜ್ಯ ಅನ್ನೋದು, ಅದೆಲ್ಲ ಇದ್ದಿದ್ದೇ. ಟ್ಯಾಕ್ಸ್ ಕಟ್ಟಲೇಬಾರ್ದು ಅಂತ ನಾನೇನೂ ಹೇಳ್ತಿಲ್ಲ ಗುರು, ಭಾವನೂ ಹೇಳ್ತಿಲ್ಲ. ಬ್ರೆಡ್ಡಿಗೆ ಸೊನ್ನೆ, ಕೇಕಿಗೆ 18 ಪರ್ಸೆಂಟು (ಅದೂ 2025ರ ಸೆಪ್ಟೆಂಬರ್ 22ರಿಂದ 5 ಆಯ್ತು), ಟೀಗೆ ಬೇರೆ ಲೆಕ್ಕ, ಇದನ್ನ ಮೊದ್ಲೇ ಒಬ್ರು ಬಂದು ಕೂತು ಕನ್ನಡದಲ್ಲಿ ಹೇಳಿದ್ರೆ ಆಗ್ತಿತ್ತು. ಸ್ಕ್ಯಾನ್ ಅಂಟಿಸೋಕೆ ಜನ ಮನೆ ಬಾಗ್ಲಿಗೇ ಬಂದ್ರಲ್ಲ, ಇದನ್ನ ಹೇಳೋಕೆ ಒಬ್ರೂ ಬರ್ಲಿಲ್ಲ.

ಊರಲ್ಲೂ ಇಂಥದ್ದೇ. ಚಿಕ್ಕಮ್ಮ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗ್ತಾರಲ್ಲ, 2025ರಲ್ಲಿ ದಿನಕ್ಕೆ 370 ರೂಪಾಯಿ ಕೂಲಿ ಇತ್ತು. 2023ರಿಂದ ಎಲ್ಲ ಕಡೆ ಆ್ಯಪಲ್ಲಿ ದಿನಕ್ಕೆ ಎರಡು ಫೋಟೋ ಹಾಜರಿ. ಕೆರೆ ಹೂಳು ಎತ್ತೋದು ಹತ್ತೂವರೆಗೇ ಮುಗಿದ್ರೂ ಎರಡನೇ ಫೋಟೋಗೆ ಅಂತ ಹೊಂಗೆ ಮರದ ಕೆಳಗೆ ಕೂತಿರ್ತಾರೆ, ಮನೇಲಿ ಹಸುಗೆ ನೀರು ತೋರಿಸೋರಿಲ್ಲ. ಅತ್ಲಾಗೆ ಕಳ್ಳರು ಫೋಟೋದ್ದೇ ಫೋಟೋ ತೆಗೆದು ಹಾಜರಿ ಹಾಕ್ತಿದಾರೆ ಅಂತ ಅದೇ ಜುಲೈಲಿ ಕೇಂದ್ರದವ್ರೇ ಸುತ್ತೋಲೆ ಹೊರಡ್ಸಿದ್ರು. ನಂಗೆ ನಗು ಬಂತು, ಚಿಕ್ಕಮ್ಮನಿಗೆ ಹೇಳಿದ್ರೆ ಅವ್ರು ನಗ್ಲಿಲ್ಲ.

ಭಾವ ಈಗ ಆಡಿಟರ್ ಹಿಡಿದು ರಿಜಿಸ್ಟ್ರೇಷನ್ ಮಾಡಿಸಿದಾರೆ. ಡಬ್ಬ ಮತ್ತೆ ಕೂಗ್ತಿದೆ, ಆದ್ರೆ ಕೂಗಿದಾಗೆಲ್ಲ ಭಾವ ಒಂದ್ಸಲ ತಿರುಗಿ ನೋಡ್ತಾರೆ. ಚೀಟಿ, ಸಾಲ, ಪಿಜಿ ಹುಡುಗ್ರ ಐನೂರು ಯಾವ್ದೂ ಆ ನಂಬರಿಗೆ ಬರೋ ಹಾಗಿಲ್ಲ ಅಂತ ಅಕ್ಕನ ಆರ್ಡರು. ನಿನ್ನ ಎಂಟು ಸಾವಿರಾನೂ ಅಷ್ಟೆ. ದೀಪಾವಳಿಗೆ ಬರ್ತೀಯಲ್ಲ, ಕೈಲಿ ಕೊಡು, ಬಡ್ಡಿಗೆ ಎರಡು ದಿಲ್ ಪಸಂದ್ ಕೊಡಿಸು ಸಾಕು, ಅದಕ್ಕೆ ಮಾತ್ರ ಸ್ಕ್ಯಾನ್ ಮಾಡ್ಬೋದು.

ಇಂತಿ ನಿನ್ನ ಹಳೇ ರೂಮ್‌ಮೇಟ್