ಹಳೇ ಲ್ಯಾಪ್‌ಟಾಪ್ ಕೊಳ್ಳುವ ಮುನ್ನ

ಮಾನ್ಯ ಸಂಪಾದಕರೇ,

ತುಮಕೂರಿನಲ್ಲಿ ಎಂ.ಕಾಂ. ಓದುತ್ತಿದ್ದೇನೆ. ಅಪ್ಪ ಕೊಬ್ಬರಿ ಮಾರಿ ಕೊಟ್ಟ 18 ಸಾವಿರ ರೂಪಾಯಿ ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿದ್ದೆ. ಮೊದಲ ಅಂಗಡಿಯವರು ‘ಐ7 ಮೇಡಂ, ಕಣ್ಣು ಮುಚ್ಚಿ ತಗೊಳ್ಳಿ’ ಎಂದರು. ಕಣ್ಣು ಬಿಟ್ಟು ನೋಡಿದರೆ ಆ ಐ7 ಪ್ರೊಸೆಸರ್ (ಲ್ಯಾಪ್‌ಟಾಪಿನ ಮುಖ್ಯ ಚಿಪ್) ಹಳೇ ಆರನೇ ಜನರೇಷನ್, ಅಂದರೆ ಆರನೇ ತಲೆಮಾರಿನದು! ಅದಕ್ಕೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಕೊನೆಗೆ ವಿಂಡೋಸ್ 11 ನಡೆಯುವ ಎಂಟನೇ ಜನರೇಷನ್ ಐ5, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿಯ ಹಳೇ ಥಿಂಕ್‌ಪ್ಯಾಡ್ ತಂದೆ. ಬ್ಯಾಟರಿ ಎರಡು ಗಂಟೆ ಬಂದರೆ ಜಾಸ್ತಿ, ಇರಲಿ. ಲೆಕ್ಕಪತ್ರದ ಟ್ಯಾಲಿ, ಎಕ್ಸೆಲ್‌ಗೆ ಇಷ್ಟು ಸಾಕು, ಅಲ್ವಾ?

ಹೊಸದಕ್ಕೆ ಶೇ 18 ಜಿಎಸ್‌ಟಿ. ವಿದ್ಯಾರ್ಥಿಗಳಿಗಾದರೂ ಇಳಿಸಬಾರದೇ? ಅಲ್ಲಿಯವರೆಗೆ ಕಾಲೇಜುಗಳು ಕಂಪ್ಯೂಟರ್ ಲ್ಯಾಬನ್ನು ಸಂಜೆ ಏಳರವರೆಗೆ ತೆರೆದಿಡಲಿ.

– ಎಂ.ಕಾಂ. ವಿದ್ಯಾರ್ಥಿನಿ, ತಿಪಟೂರು