ಹೆಲಿಕೋಬ್ಯಾಕ್ಟರ್ ಪ್ಲೇಟ್‌ಗಳ ಕುರಿತು

ಬೆಳಗಾವಿಯ ನಮ್ಮ ಸೂಕ್ಷ್ಮಜೀವಿಶಾಸ್ತ್ರ ಅಧ್ಯಯನ ಬಳಗದ ಸದಸ್ಯರ ಗಮನಕ್ಕೆ.

ಜಠರದ ಕ್ಯಾನ್ಸರ್‌ಗೆ ಕಾರಣವೆಂದು 1994ರಲ್ಲೇ ಗುರುತಿಸಲಾದ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾದ ಕಲ್ಚರ್ ಮಾಡುವವರು, ಅಂದರೆ ಅದನ್ನು ಪ್ರಯೋಗಾಲಯದ ಪ್ಲೇಟ್‌ಗಳಲ್ಲಿ ಬೆಳೆಸುವವರು, ಎರಡು ದಿನಕ್ಕೆ ಏನೂ ಕಾಣಲಿಲ್ಲವೆಂದು ಪ್ಲೇಟ್‌ಗಳನ್ನು ದಯವಿಟ್ಟು ಎಸೆಯಬಾರದು. ಸುಮಾರು ಶೇ. 5ರಷ್ಟೇ ಆಮ್ಲಜನಕ ಹಾಗೂ 37 ಡಿಗ್ರಿ ಉಷ್ಣತೆಯಲ್ಲಿ ನಿಧಾನವಾಗಿ ಬೆಳೆಯುವ ಇದರ ಕಾಲೊನಿಗಳು (ಕಣ್ಣಿಗೆ ಕಾಣುವ ಗುಂಪುಗಳು) ರಕ್ತ ಬೆರೆಸಿದ ಅಗರ್ ಎಂಬ ಜೆಲ್ಲಿಯಂಥ ಮಾಧ್ಯಮದ ಮೇಲೆ ಇಬ್ಬನಿಯ ಹನಿಯಂತೆ ಸಣ್ಣಗೆ, ಪಾರದರ್ಶಕವಾಗಿ ಮೂಡುತ್ತವೆ. 1982ರಲ್ಲಿ ಇದನ್ನು ಮೊದಲು ಬೆಳೆಸಿದ ಆಸ್ಟ್ರೇಲಿಯದ ವೈದ್ಯರಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೂ ಇವು ಮೊದಲು ಕಂಡದ್ದು, ಈಸ್ಟರ್ ರಜೆಯ ಕಾರಣ ಪ್ಲೇಟ್‌ಗಳು ಹೆಚ್ಚು ದಿನ ಇನ್‌ಕ್ಯುಬೇಟರ್ ಒಳಗೇ ಉಳಿದಾಗ.

ಮುಂದಿನ ಹಂತದಲ್ಲಿ ಪ್ರಯೋಗಾಲಯದಲ್ಲಿ ಬೆಳೆಸುವ ಜಠರದ ಎಜಿಎಸ್ ಎಂಬ ಕೋಶಗಳಿಗೆ ಸೋಂಕು ತಗಲಿಸಿದಾಗ, ಈ ಬ್ಯಾಕ್ಟೀರಿಯಾದ ಕ್ಯಾಗ್‌ಎ ಪ್ರೋಟೀನು ಒಳಹೊಕ್ಕ ಕೋಶಗಳು ಕೆಲವೇ ಗಂಟೆಗಳಲ್ಲಿ ಶಾವಿಗೆಯ ಎಳೆಯಂತೆ ನೀಳವಾಗುತ್ತವೆ. ಈ ನೋಟವೇ ಕ್ಯಾನ್ಸರ್ ಅಲ್ಲ ಎಂಬುದನ್ನು ವರದಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಕ್ಯಾಗ್‌ಎ ಜೀನ್ ತೆಗೆದ ಬ್ಯಾಕ್ಟೀರಿಯಾ ತಳಿಯ ಸೋಂಕು ತಗಲಿಸಿದ ಕೋಶಗಳನ್ನೂ ಸೋಂಕಿಲ್ಲದ ಕೋಶಗಳನ್ನೂ ಪಕ್ಕದಲ್ಲಿಟ್ಟು ಹೋಲಿಸದ ಫಲಿತಾಂಶವನ್ನು ಚರ್ಚೆಗೆ ತೆಗೆದುಕೊಳ್ಳುವುದಿಲ್ಲ.