ಸಚಿವರೇ, ಕೀಮೋ ಕೊಡುವ ಕಡೆ ಡಾಪ್ಲರ್ ಸ್ಕ್ಯಾನ್ ಕೂಡ ಮಾಡಿಸಿ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ಜಿಲ್ಲಾ ಆಸ್ಪತ್ರೆಗಳಲ್ಲೇ ಡೇ-ಕೇರ್ ಕೀಮೋ ಶುರು ಮಾಡಿದ್ದೀರಿ. ಬೆಂಗಳೂರಿಗೆ ಓಡಾಡುವುದು ತಪ್ಪಿತು. ಅದಕ್ಕೆ ಥ್ಯಾಂಕ್ಸ್, ಸುಮ್ನೆ ಬಾಯಿಮಾತಿಗೆ ಹೇಳುತ್ತಿಲ್ಲ. ಆದರೆ ಕೀಮೋ ಏರಿಸಿ ಮನೆಗೆ ಕಳಿಸಿದ ಮೇಲೆ ರೋಗಿ ಏನಾದರೂ ಆಗಲಿ ಅನ್ನುವ ಹಾಗಿದೆ ವ್ಯವಸ್ಥೆ.

ನನ್ನ ಹೆಂಡತಿಗೆ ಅಂಡಾಶಯದ ಕ್ಯಾನ್ಸರ್. ಕೀಮೋದ ಮೂರನೇ ಸೈಕಲ್ ಆದ ಮೇಲೆ ಎಡಗಾಲು ಊದಿತು. ಎಡಗಾಲು ಮಾತ್ರ. ಮೀನಖಂಡ ಮುಟ್ಟಿದರೆ ಸುಡುತ್ತಿತ್ತು. ಕಾಲ್ಚೈನು ಚರ್ಮದೊಳಗೆ ಹೂತು, ಕೊನೆಗೆ ಕಟಿಂಗ್ ಪ್ಲೇಯರಿನಲ್ಲಿ ಕತ್ತರಿಸಿ ತೆಗೆದೆ. ಕೀಮೋ ವಾರ್ಡಿನಲ್ಲಿ ತೋರಿಸಿದರೆ ಮೂಳೆ ಡಾಕ್ಟರ ಹತ್ತಿರ ಹೋಗಿ ಅಂದರು. ಅಲ್ಲಿ ಮುಲಾಮು ಬರೆದುಕೊಟ್ಟು, ಚೆನ್ನಾಗಿ ತಿಕ್ಕಿ ಅಂದರು. ಆರೋಗ್ಯ ಕರ್ನಾಟಕ ಯೋಜನೆಯ ಕೌಂಟರಿನವರಂತೂ, "ನಿಮ್ಮ ಪ್ಯಾಕೇಜ್ ಹೊಟ್ಟೆಯ ಗಡ್ಡೆಗೆ ಸರ್, ಕಾಲಿಗಲ್ಲ" ಅಂದರು. ಕಾಲನ್ನು ಮನೆಯಲ್ಲೇ ಬಿಟ್ಟು ಬರಬೇಕಿತ್ತೇನೋ.

ಡಾಪ್ಲರ್, ಅಂದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯಾ ಅಂತ ನೋಡುವ ಸ್ಕ್ಯಾನ್, ಮಾಡಿಸಿ ಅಂತ ಹೇಳಿದ್ದು ಒಬ್ಬ ಸಿಸ್ಟರ್. ಪುಣ್ಯಾತ್ಗಿತ್ತಿ. ಮೆಷಿನ್ ಇತ್ತು. ರೂಮಿಗೆ ಬೀಗ. ರೇಡಿಯಾಲಜಿಸ್ಟ್ ರಜೆ, ಸೋಮವಾರ ಬನ್ನಿ. ಬೇರೆಯವರು ಮುಟ್ಟುವಂತಿಲ್ಲ, ಭ್ರೂಣಲಿಂಗ ಪತ್ತೆ ತಡೆಯಲು ಸ್ಕ್ಯಾನ್ ಮೆಷಿನ್‌ಗಳಿಗೆ ಕಟ್ಟುಪಾಡು ಹಾಕಿರುವ ಪಿಸಿಪಿಎನ್‌ಡಿಟಿ ಕಾಯ್ದೆ ತಮಗೆ ಗೊತ್ತೇ ಇದೆ. ಕಾಯ್ದೆ ಸರಿಯೇ. ಆದರೆ ರಜೆ ಹಾಕಿದವರ ಜಾಗಕ್ಕೆ ಇನ್ನೊಬ್ಬರನ್ನು ಹಾಕಬಾರದು ಅಂತ ಅದರಲ್ಲಿ ಬರೆದಿಲ್ಲ ಅಲ್ವಾ?

ಭಾನುವಾರ ಬೆಳಗ್ಗೆ ಅವಳಿಗೆ ಉಸಿರು ಕಟ್ಟಿತು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದ ರಕ್ತದ ತುಂಡು ಶ್ವಾಸಕೋಶಕ್ಕೆ ಹೋಗಿತ್ತು. ಖಾಸಗಿ ಆಸ್ಪತ್ರೆಯ ಐಸಿಯು. ಒಡವೆ ಗಿರವಿಗೆ ಹೋಯಿತು. ಬದುಕಿಕೊಂಡಳು.

ಇದೇನು ಯಾರೂ ಕೇಳರಿಯದ ತೊಂದರೆಯಲ್ಲ. ಕ್ಯಾನ್ಸರ್ ಇದ್ದವರಿಗೆ ರಕ್ತ ಹೆಪ್ಪುಗಟ್ಟುವುದು ಜಾಸ್ತಿ. ಕೀಮೋ, ಔಷಧಿ ಏರಿಸಲು ಕೈಗೆ ಹಾಕುವ ಪಿಕ್ ಲೈನ್ ಅನ್ನುವ ನಳಿಕೆ, ಸುಸ್ತಾಗಿ ಮಲಗಿಯೇ ಇರುವುದು, ಇವೆಲ್ಲ ಸೇರಿದರೆ ಇನ್ನೂ ಜಾಸ್ತಿ. ಯಾರಿಗೆ ಅಪಾಯ ಹೆಚ್ಚು ಅಂತ ಅಂದಾಜು ಮಾಡಲು 2008ರಿಂದಲೇ ಖೊರಾನಾ ಸ್ಕೋರ್ ಅಂತ ಒಂದಿದೆ. ಕ್ಯಾನ್ಸರ್ ಯಾವ ಅಂಗದ್ದು, ಪ್ಲೇಟ್‌ಲೆಟ್, ಹಿಮೋಗ್ಲೋಬಿನ್, ಬಿಳಿ ರಕ್ತಕಣ ಎಷ್ಟು, ಎತ್ತರಕ್ಕೆ ತೂಕ ಎಷ್ಟು. ಇಷ್ಟೇ. ಕೀಮೋಗೆ ಮುಂಚೆ ಇವೆಲ್ಲ ಫೈಲಿನಲ್ಲಿ ಬರೆದೇ ಇರುತ್ತಾರೆ. ಕೂಡಿಸಲು ಟೆಂಡರ್ ಬೇಕಾ?

ಹಾಗಾಗಿ ಕೇಳುತ್ತಿದ್ದೇನೆ: ಕೀಮೋ ಕೊಡುವ ಪ್ರತಿ ಆಸ್ಪತ್ರೆಯಲ್ಲಿ, ಕಾಲು ಊದಿದೆ ಅಂತ ಬಂದವರಿಗೆ ಅವತ್ತೇ ಡಾಪ್ಲರ್ ಆಗಬೇಕು. ಭಾನುವಾರವಾದರೂ ಸರಿ, ಹಬ್ಬವಾದರೂ ಸರಿ.

ಈಗ ಅವಳಿಗೆ ರಕ್ತ ಹೆಪ್ಪುಗಟ್ಟದಂತೆ ದಿನಕ್ಕೆರಡು ಸಲ ಎನಾಕ್ಸಪರಿನ್ ಇಂಜೆಕ್ಷನ್. ಚುಚ್ಚುವುದನ್ನು ನಾನೇ ಕಲಿತಿದ್ದೇನೆ. ಹೊಟ್ಟೆಯ ತುಂಬ ನೀಲಿ ಕಲೆ, ಚುಚ್ಚದ ಜಾಗ ಹುಡುಕಬೇಕು. ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಔಷಧಿ ಇದು. ಆಸ್ಪತ್ರೆಯಲ್ಲಿ ಕೇಳಿದರೆ "ಸ್ಟಾಕ್ ಇಲ್ಲ, ಹೊರಗೆ ತನ್ನಿ". ಪಟ್ಟಿ ಯಾರಿಗೆ ಅಗತ್ಯ ಅಂತ ಮಾಡಿದ್ದು ಸ್ವಾಮಿ?

ಮತ್ತೆ ಹೇಳುತ್ತೇನೆ. ಅವತ್ತೇ ಡಾಪ್ಲರ್. ಆಸ್ಪತ್ರೆಯಲ್ಲೇ ಇಂಜೆಕ್ಷನ್. ಒಂದೇ ಕಾಲು ಊದಿದರೆ, ಇದ್ದಕ್ಕಿದ್ದಂತೆ ಏದುಸಿರು ಬಂದರೆ, ಎದೆ ನೋವು ಬಂದರೆ ತಕ್ಷಣ ಬನ್ನಿ ಅಂತ ಮೊದಲ ಕೀಮೋ ದಿನವೇ ಕನ್ನಡದಲ್ಲಿ ಒಂದು ಚೀಟಿ. ನಮಗೆ ಕೊಟ್ಟ ಚೀಟಿಯಲ್ಲಿ ಕೂದಲು ಉದುರುತ್ತದೆ ಅಂತ ಮಾತ್ರ ಇತ್ತು.

ದಯವಿಟ್ಟು ಇದಕ್ಕೊಂದು ಸಮಿತಿ ಮಾಡಬೇಡಿ. ಸುತ್ತೋಲೆ ಹೊರಡಿಸಿ, ಪ್ರತಿಯನ್ನು ಎಲ್ಲ ಕೀಮೋ ವಾರ್ಡುಗಳ ಬಾಗಿಲಿಗೂ ಅಂಟಿಸಿ. ನಾವು ಓದಿಕೊಂಡು ಕೇಳುತ್ತೇವೆ.

ಇಂತಿ,
ಕೀಮೋ ರೋಗಿಯೊಬ್ಬಳ ಗಂಡ